ಕಿರಿಯಳ ಕೆಲಸಕ್ಕೆ ಸೀನಿಯರ್ ಹೆಸರು: ಕೇಳಬೇಕಾ, ಸುಮ್ಮನಿರಬೇಕಾ?

ಸಂಜೆಮಳೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ನಿಮ್ಮ ಸಲಹೆ ಬೇಕು.

ನಮ್ಮ ತಂಡಕ್ಕೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಾಳೆ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಒಂದು ದೊಡ್ಡ ವರದಿಯನ್ನು ಪೂರ್ತಿ ಅವಳೇ ಮಾಡಿದಳು. ಲೆಕ್ಕ, ಚಾರ್ಟು, ಕೊನೆಯಲ್ಲಿ ಏನು ಮಾಡಬೇಕು ಅನ್ನುವ ಸಲಹೆ, ಎಲ್ಲ ಅವಳದೇ. ನಿನ್ನೆ ಮೀಟಿಂಗ್‌ನಲ್ಲಿ ನಮ್ಮ ಸೀನಿಯರ್ ಅದನ್ನು ಮೇಲಿನವರ ಮುಂದೆ ಇಟ್ಟರು. "ಈ ಅಂಕಿಗಳನ್ನು ನೋಡುವಾಗ ನನಗೆ ಹೊಳೆದದ್ದು ಏನೆಂದರೆ" ಅಂತ ಶುರು ಮಾಡಿದವರು ಮುಗಿಸುವವರೆಗೂ ಅವಳ ಹೆಸರು ಎತ್ತಲಿಲ್ಲ. ಮೊದಲ ಪುಟದಲ್ಲಿದ್ದ ಅವಳ ಹೆಸರೂ ಮಾಯವಾಗಿತ್ತು. ಅವಳು ತಲೆ ತಗ್ಗಿಸಿ, ನೋಟ್‌ಬುಕ್‌ನಲ್ಲಿ ಬರೆದ ಸಾಲಿನ ಮೇಲೆಯೇ ಮತ್ತೆ ಮತ್ತೆ ಪೆನ್ನು ಓಡಿಸುತ್ತಾ ಕೂತಿದ್ದಳು.

ಸೀನಿಯರ್ ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರೇ ಅವರು. ಅದಕ್ಕೇ ಕಷ್ಟ. ಮುಂದಿನ ವಾರ ಇದೇ ವರದಿಯ ಎರಡನೇ ಭಾಗ ಇದೆ. ಅವಳೇ ಸುಮ್ಮನಿರುವಾಗ ನಾನು ಬಾಯಿ ಹಾಕಬಹುದಾ? ಹಾಕಿದರೆ ಎಲ್ಲರ ಮುಂದೆಯಾ, ಅವರೊಬ್ಬರೇ ಇದ್ದಾಗಲಾ?

ನೇರನುಡಿ

ಇದರಲ್ಲಿ ಯೋಚಿಸುವುದು ಏನಿದೆ? ಕಣ್ಣೆದುರೇ ಕಳ್ಳತನ ಆಗಿದೆ. ಮುಂದಿನ ಮೀಟಿಂಗ್‌ನಲ್ಲಿ "ಇದು ಅವಳ ಕೆಲಸ" ಅಂತ ಎಲ್ಲರ ಮುಂದೆ ಹೇಳಿಬಿಡಿ. ಒಬ್ಬರೇ ಇದ್ದಾಗ ಹೇಳಿದರೆ "ಹೌದಾ, ನೋಡೋಣ" ಅಂತ ತೇಲಿಸಿಬಿಡುತ್ತಾರೆ. ನಾಲ್ಕು ಜನರ ಮುಂದೆ ಆದದ್ದು ನಾಲ್ಕು ಜನರ ಮುಂದೆಯೇ ಸರಿಹೋಗಬೇಕು.

ಹಳೇಮೇಷ್ಟ್ರು

ನೇರನುಡಿಯವರೇ, ಸರಿಹೋಗುವುದು ಎಲ್ಲರ ಮುಂದೆ ಆಗಬೇಕು, ಒಪ್ಪಿದೆ. ಆದರೆ ಕೇಳುವುದೂ ಎಲ್ಲರ ಮುಂದೆಯೇ ಆಗಬೇಕು ಅಂತೇನಿಲ್ಲ. ಜನರ ಮುಂದೆ ಸಿಕ್ಕಿಬಿದ್ದ ಮನುಷ್ಯ ತಾನು ಮಾಡಿದ್ದನ್ನು ಯೋಚಿಸುವುದಿಲ್ಲ, ಮಾನ ಹೇಗೆ ಉಳಿಸಿಕೊಳ್ಳಲಿ ಅಂತ ಯೋಚಿಸುತ್ತಾನೆ. ತರಗತಿಯಲ್ಲೂ ಸ್ಟಾಫ್ ರೂಮಿನಲ್ಲೂ ನಾನು ಕಂಡದ್ದು ಇದೇ. ಅದೇ ಮಾತನ್ನು ಬಾಗಿಲು ಹಾಕಿಕೊಂಡು ಹೇಳಿ, ಮುಂದಿನ ಮೀಟಿಂಗ್‌ನಲ್ಲಿ ಅವರೇ ತಮ್ಮ ಬಾಯಿಂದ ಸರಿಮಾಡಲು ಒಂದು ದಾರಿ ಬಿಟ್ಟುಕೊಡಿ. ಬಹಳ ಜನ ಆ ದಾರಿ ಹಿಡಿಯುತ್ತಾರೆ.

ಸಂಜೆಮಳೆಯವರೇ, ಮಾತಾಡಬೇಕಾ ಬೇಡವಾ ಅನ್ನುವ ಹೊತ್ತಿನಲ್ಲಿ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ನಾನು ಸುಮ್ಮನಿದ್ದರೆ ನಷ್ಟ ಯಾರಿಗೆ? ಯಾರೋ ನನಗೆ ಸೊಟ್ಟ ಮಾತು ಆಡಿದರು, ನನ್ನ ಹೆಸರು ಬಿಟ್ಟರು, ಕರೆಯಬೇಕಾದ ಕಡೆ ಕರೆಯಲಿಲ್ಲ. ಅದನ್ನು ನುಂಗಿಕೊಳ್ಳುವ ಹಕ್ಕು ನನಗಿದೆ. ನನ್ನ ಪಾಲಿನದು ಅದು. ಬೇರೆಯವರ ಪಾಲಿನದನ್ನು ನುಂಗಿ "ನಾನು ತಾಳ್ಮೆಯವನು" ಅಂದುಕೊಳ್ಳುವ ಹಕ್ಕು ನನಗಿಲ್ಲ. ಅವರ ಗಂಟು ಕೊಟ್ಟು ನಾನು ಒಳ್ಳೆಯವನಾದ ಹಾಗೆ ಆಗುತ್ತದೆ, ಅಲ್ವಾ?

ಇಲ್ಲಿ ನಷ್ಟ ಆ ಹುಡುಗಿಗೆ. ಆದ್ದರಿಂದ ಸುಮ್ಮನಿರುವುದು ನಿಮ್ಮೊಬ್ಬರ ತೀರ್ಮಾನ ಅಲ್ಲ. ಹಾಗೆಯೇ ಮಾತಾಡುವುದೂ ನಿಮ್ಮೊಬ್ಬರ ತೀರ್ಮಾನ ಅಲ್ಲ. ಮೊದಲು ಅವಳನ್ನು ಕೇಳಿ. ಅವಳಿಗೆ ನಮಗೆ ಗೊತ್ತಿಲ್ಲದ ಕಾರಣ ಇರಬಹುದು.

ರನ್‌ವೇ

ಸೀನಿಯರ್ ಎದುರು ಮಾತಾಡುವುದು ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ವಿಮಾನಗಳ ಜಗತ್ತಿನ ಒಂದು ಘಟನೆ ಹೇಳಲೇಬೇಕು. ವಿಷಯ ತುಂಬಾ ದೊಡ್ಡದು, ಆದರೆ ಒಳಗಿನ ಕಥೆ ಸಂಜೆಮಳೆಯವರ ಮೀಟಿಂಗ್‌ಗೆ ಹತ್ತಿರವೇ ಇದೆ.

1977ರ ಮಾರ್ಚ್ 27. ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಕೆಎಲ್‌ಎಂ ಅನ್ನುವ ಡಚ್ ವಿಮಾನ ಕಂಪನಿಯ ಒಂದು ಜಂಬೋ ವಿಮಾನ ರನ್‌ವೇಯ ತುದಿಯಲ್ಲಿ ಹಾರಲು ನಿಂತಿದೆ. ಅದೇ ರನ್‌ವೇ ಮೇಲೆ ಪ್ಯಾನ್ ಆಮ್ ಅನ್ನುವ ಅಮೆರಿಕದ ಕಂಪನಿಯ ಇನ್ನೊಂದು ಜಂಬೋ ಇನ್ನೂ ಸಾಗುತ್ತಿದೆ. ಒಬ್ಬರಿಗೊಬ್ಬರು ಕಾಣುತ್ತಿಲ್ಲ. ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಅವರು ಇಂಜಿನ್ ವೇಗ ಹೆಚ್ಚಿಸಲು ಹೋದಾಗ ಸಹ ಪೈಲಟ್ ತಡೆದರು, ನಮಗೆ ಇನ್ನೂ ಅನುಮತಿ ಬಂದಿಲ್ಲ ಅಂದರು. ಕ್ಯಾಪ್ಟನ್ ನಿಂತರು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹೊರಟರು. ಹಾರಲು ಬೇಕಾದ ಅನುಮತಿ ಆಗಲೂ ಬಂದಿರಲಿಲ್ಲ. ಈ ಸಲ ಸಹ ಪೈಲಟ್ ತಡೆಯಲಿಲ್ಲ. ವಿಮಾನ ಓಡುತ್ತಿರುವಾಗ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂತು. ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಇಂಜಿನಿಯರ್ ಸುಮ್ಮನಾದರು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ನನ್ನನ್ನು ಜಾಸ್ತಿ ಕಾಡುವುದು ಆ ಎರಡನೇ ಸಲದ ಮೌನ. ಇಬ್ಬರೂ ಹೇಡಿಗಳಲ್ಲ, ಇಬ್ಬರೂ ಒಂದೊಂದು ಸಲ ಮಾತಾಡಿದ್ದಾರೆ. ಒಂದು ಸಲ ತಡೆದವನಿಗೆ ಇನ್ನೊಂದು ಸಲ ತಡೆಯುವುದು ಇನ್ನೂ ಕಷ್ಟ. "ಮತ್ತೆ ಶುರು ಮಾಡಿದ" ಅಂದುಕೊಳ್ಳುತ್ತಾರೆ ಅನ್ನುವ ಭಯ. ಮತ್ತೆ ಇಂಜಿನಿಯರ್ ಹೇಳಿದ್ದು ಪ್ರಶ್ನೆಯ ರೂಪದಲ್ಲಿತ್ತು. ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ಲಿಗೆ ಮಾತು ಮುಗಿಯಿತು.

ಇಂಥ ಅಪಘಾತಗಳ ಪಾಠದಿಂದ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಆಮೇಲೆ ವಿಮಾನ ಕಂಪನಿಗಳು ಕಿರಿಯರಿಗೆ ಮಾತಾಡುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ತರಬೇತಿಯಾಗಿಯೇ ಕಲಿಸಲು ಶುರು ಮಾಡಿದವು. ಧೈರ್ಯ ಹುಟ್ಟಿನಿಂದ ಬರಬೇಕು ಅಂತ ಕಾಯುತ್ತಾ ಕೂರಲಿಲ್ಲ.

ಥಿಯೇಟರ್ ನರ್ಸ್

ರನ್‌ವೇ ಅವರು ಹೇಳಿದ್ದು ನಮ್ಮ ಆಪರೇಷನ್ ಥಿಯೇಟರ್‌ಗೂ ಬಂತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಅದರಲ್ಲಿ ಒಂದು ಅಂಶ ನೋಡಲು ತೀರಾ ಸಣ್ಣದು. ಚರ್ಮಕ್ಕೆ ಬ್ಲೇಡ್ ತಾಗುವ ಮುಂಚೆ ಅಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಸರ್ಜನ್ ಕೂಡ, ನಾನು ಕೂಡ. ಒಮ್ಮೆ ಬಾಯಿ ತೆರೆದವಳಿಗೆ ಆಮೇಲೆ "ಸರ್, ಒಂದು ನಿಮಿಷ" ಅನ್ನುವುದು ಅಷ್ಟು ಭಾರ ಅನ್ನಿಸುವುದಿಲ್ಲ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಅದಷ್ಟೂ ಹೆಸರು ಹೇಳಿದ್ದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಪಟ್ಟಿ ಕೈಯಲ್ಲಿ ಇದ್ದಾಗ ನಿಲ್ಲಿಸಿ ಅನ್ನುವುದು ನನ್ನ ಕೆಲಸದ ಭಾಗ, ಅಧಿಕಪ್ರಸಂಗ ಅಲ್ಲ.

ನಮಗೆ ಮೂರು ಮೆಟ್ಟಿಲು ಕಲಿಸುತ್ತಾರೆ. ಮೊದಲು "ನನಗೆ ಆತಂಕ ಆಗುತ್ತಿದೆ." ಕೇಳದಿದ್ದರೆ "ಇದು ನನಗೆ ಸರಿ ಕಾಣುತ್ತಿಲ್ಲ." ಆಗಲೂ ಕೇಳದಿದ್ದರೆ "ಇದು ರೋಗಿಯ ಸುರಕ್ಷತೆಯ ವಿಷಯ, ನಿಲ್ಲಿಸಿ." ಮೂರರಲ್ಲೂ ಎದುರಿನವರ ಸ್ವಭಾವದ ಬಗ್ಗೆ ಒಂದು ಪದವೂ ಇಲ್ಲ ನೋಡಿ. "ನೀವು ಯಾವಾಗಲೂ ಹೀಗೇ" ಅನ್ನುವ ಮಾತು ಬಂದ ಕೂಡಲೇ ವಿಷಯ ರೋಗಿಯಿಂದ ಜಗಳಕ್ಕೆ ಹೋಗುತ್ತದೆ.

ಎರಡು ಮಕ್ಕಳ ಅಮ್ಮ

ಆಫೀಸು, ಆಸ್ಪತ್ರೆ ಸರಿ. ಮನೆಯಲ್ಲಿ ಏನು ಮಾಡುವುದು? ಅಲ್ಲಿ ಚೆಕ್‌ಲಿಸ್ಟ್ ಇಲ್ಲ.

ನಮ್ಮ ನೆಂಟರಲ್ಲಿ ಒಬ್ಬರು ನನ್ನ ದೊಡ್ಡ ಮಗಳನ್ನು ನೋಡಿದಾಗಲೆಲ್ಲ ಅವಳ ಮೈ ಬಗ್ಗೆ ಒಂದು ಮಾತು ಆಡುತ್ತಿದ್ದರು. "ಇನ್ನೂ ದಪ್ಪ ಆಗಿದ್ದೀಯಲ್ಲೇ." ಪ್ರೀತಿಯಿಂದಲೇ ಹೇಳುತ್ತಿದ್ದರು, ನಗುತ್ತಲೇ. ಅವರು ವಯಸ್ಸಿನಲ್ಲಿ ದೊಡ್ಡವರು, ಮನೆಗೆ ಬಂದವರು. ಎಲ್ಲರೂ ನಕ್ಕು ಬಿಡುತ್ತಿದ್ದರು. ಒಂದು ಸಲ ಹಾಗೆ ಅಂದಾಗ ಮಗಳು ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಅಮ್ಮ ಇದಕ್ಕೆ ಏನನ್ನುತ್ತಾಳೆ ಅಂತ. ಕೈ ಮಾತ್ರ ಅಂಗಿಯ ತುದಿಯನ್ನು ಕೆಳಕ್ಕೆ ಎಳೆಯುತ್ತಿತ್ತು.

ಆವತ್ತು ನಾನು "ಅತ್ತೆ, ಅವಳ ಮೈ ಬಗ್ಗೆ ಮಾತು ಬೇಡ. ಅವಳು ಚಿತ್ರ ಬಿಡಿಸಿದ್ದಾಳೆ, ನೋಡಿ" ಅಂದೆ. ಅಷ್ಟೇ. ದನಿ ಏರಿಸಲಿಲ್ಲ, ವಿವರಣೆ ಕೊಡಲಿಲ್ಲ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಚಿತ್ರ ನೋಡಿದರು. ಸ್ವಲ್ಪ ಕಾಲ ನನ್ನ ಮೇಲೆ ಮುನಿಸು ಇತ್ತು, ಫೋನ್ ಕಡಿಮೆಯಾಯಿತು. ಈಗ ಸರಿಯಾಗಿದೆ.

ಮೇಷ್ಟ್ರು ಹೇಳಿದ ಹಾಗೆ ಬಾಗಿಲು ಹಾಕಿಕೊಂಡು ಹೇಳಬಹುದಿತ್ತು ಅಂತ ನನ್ನ ಗಂಡ ಅಂದರು. ನಾನು ಒಪ್ಪುವುದಿಲ್ಲ. ಮಕ್ಕಳ ಎದುರು ಆದದ್ದಕ್ಕೆ ಮಕ್ಕಳ ಎದುರೇ ಒಂದು ಮಾತು ಬೇಕು. ಹಿಂದಿನಿಂದ ಹೋಗಿ ಹೇಳಿದರೆ ಅತ್ತೆಗೆ ತಿಳಿಯುತ್ತದೆ, ಮಗಳಿಗೆ ತಿಳಿಯುವುದಿಲ್ಲ. ಅವಳ ಪಾಲಿಗೆ ಅಮ್ಮ ಸುಮ್ಮನಿದ್ದಳು ಅಂತಲೇ ಉಳಿಯುತ್ತದೆ.

ಹಳೇಮೇಷ್ಟ್ರು

ಒಪ್ಪಿದೆ ತಾಯಿ. ನೋಡುತ್ತಿರುವವರಿಗೆ ನಮ್ಮ ಮಾತು ಬೇಕಾಗಿದ್ದಾಗ ಅಲ್ಲೇ ಆಡಬೇಕು. ನನ್ನ ಮಾತಿಗೆ ಇದನ್ನು ಸೇರಿಸಿಕೊಳ್ಳುತ್ತೇನೆ.

ಸಂಜೆಮಳೆ

ಎಲ್ಲರಿಗೂ ಧನ್ಯವಾದ. ಒಂದೊಂದನ್ನೂ ಓದಿದೆ. ಇವತ್ತು ಆದದ್ದು ಹೇಳುತ್ತೇನೆ.

ಮೊದಲು ಹುಡುಗಿಯನ್ನು ಕೇಳಿದೆ. ಅವಳು ಹೇಳಿದ್ದು ಬೇರೆಯೇ ಇತ್ತು. "ಹೆಸರು ಹೋದದ್ದು ಬೇಜಾರೇ. ಆದರೆ ಅದಕ್ಕಿಂತ ನನಗೆ ಭಯ ಇರುವುದು ಆರನೇ ಪುಟದ ಲೆಕ್ಕ. ಅದು ಅಂದಾಜು ಅಂತ ನಾನು ಕೆಳಗೆ ಬರೆದಿದ್ದೆ. ಅವರು ಅದನ್ನು ಖಚಿತ ಅಂತ ಹೇಳಿಬಿಟ್ಟರು. ನಾಳೆ ತಪ್ಪಾದರೆ ಏನು?" ಅಂದಳು. ಅವಳು ಎಲ್ಲರ ಮುಂದೆ ಹೇಳುವುದು ಬೇಡ ಅಂದಳು, ನಾನು ಸೀನಿಯರ್ ಹತ್ತಿರ ಮಾತಾಡುವುದಕ್ಕೆ ಒಪ್ಪಿದಳು.

ಸಂಜೆ ಅವರ ರೂಮಿಗೆ ಹೋದೆ. "ಸರ್, ವರದಿಯ ಮೊದಲ ಪುಟದಲ್ಲಿ ಅವಳ ಹೆಸರಿತ್ತು, ಮೀಟಿಂಗ್‌ನಲ್ಲಿ ಇರಲಿಲ್ಲ. ಮತ್ತೆ ಆರನೇ ಪುಟದ್ದು ಅಂದಾಜು, ಅದನ್ನು ಅವಳೇ ವಿವರಿಸಿದರೆ ನಮಗೆಲ್ಲ ಒಳ್ಳೆಯದು" ಅಂದೆ. ಅವರ ಮುಖ ಕೆಂಪಾಯಿತು. ಸ್ಲೈಡುಗಳನ್ನು ಅವಸರದಲ್ಲಿ ಹೊಸ ಮಾದರಿಗೆ ಹಾಕಿದೆ, ಹೆಸರು ಬಿಟ್ಟುಹೋಯಿತು ಅಂದರು. ನಿಜವೋ ಅಲ್ಲವೋ, ನಾನು ಕೆದಕಲಿಲ್ಲ. ಮುಂದಿನ ವಾರ ಅವಳೇ ಮಂಡಿಸಲಿ ಅಂದರು. ನೋಡೋಣ.

ನೇರನುಡಿ

"ಬಿಟ್ಟುಹೋಯಿತು" ಅನ್ನುವುದನ್ನು ನಾನು ನಂಬುವುದಿಲ್ಲ. ಆದರೆ ನೀವು ಕೆದಕದೆ ಬಿಟ್ಟದ್ದು ಸರಿ. ಬೇಕಾದದ್ದು ಅವಳಿಗೆ ಸಿಗುತ್ತಿದೆ. ಮೀಟಿಂಗ್ ದಿನ ಮಾತ್ರ ಕಣ್ಣಿಟ್ಟಿರಿ.

ತಂಗಾಳಿ

ಇಲ್ಲಿಯವರೆಗೂ ಎಲ್ಲರೂ ಮಾತಾಡುವ ಕಡೆಯೇ ವಾಲುತ್ತಿದ್ದೀರಿ. ನಾನು ಇನ್ನೊಂದು ಕಡೆ ಸ್ವಲ್ಪ ಹೇಳುತ್ತೇನೆ.

ಮೊದಲನೆಯದು ಸಿಟ್ಟು. ಒಳಗೆ ಇಟ್ಟುಕೊಂಡರೆ ಒಡೆದುಹೋಗುತ್ತೇವೆ, ಕಾರಿಕೊಂಡರೆ ಹಗುರಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬ್ರಾಡ್ ಬುಶ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉಲ್ಟಾ. ಸಿಟ್ಟು ಬಂದವರಲ್ಲಿ ಕೆಲವರಿಗೆ, ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗ್ ಗುದ್ದಲು ಹೇಳಿದರು. ಇನ್ನು ಕೆಲವರು ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತರು. ಗುದ್ದಿದವರಲ್ಲೇ ಸಿಟ್ಟು ಜಾಸ್ತಿ ಉಳಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ನಮ್ಮಲ್ಲಿ ಹೇಳುತ್ತಾರಲ್ಲ. ಯಾರಿಗೂ ಈಗಲೇ ಅಪಾಯ ಇಲ್ಲದಿದ್ದರೆ ಒಂದು ರಾತ್ರಿ ಕಳೆಯಲಿ. ಬೆಳಗ್ಗೆಯೂ ಹೇಳಬೇಕು ಅನ್ನಿಸಿದರೆ ಹೇಳಿ. ಅರ್ಧಕ್ಕರ್ಧ ವಿಷಯ ಬೆಳಗ್ಗೆ ಹೊತ್ತಿಗೆ ಹೇಳುವಂಥದ್ದೇ ಅಲ್ಲ ಅನ್ನಿಸುತ್ತದೆ.

ಎರಡನೆಯದು, ಎಲ್ಲ ತಪ್ಪನ್ನೂ ತಿದ್ದುವುದು ನಮ್ಮ ಕೆಲಸ ಅಲ್ಲ. ವಯಸ್ಸಾದ ಅಪ್ಪ ಹಳೆಯ ಕಥೆಯನ್ನು ಹೇಳುವಾಗ ಇಸವಿ ತಪ್ಪಿದರೆ ತಪ್ಪಲಿ. ದುಃಖದಲ್ಲಿರುವ ಗೆಳತಿ ಏನೋ ಸರಿಯಿಲ್ಲದ ಮಾತು ಆಡಿದರೆ ಆಡಲಿ, ಅವಳ ಪಕ್ಕ ಕೂರಿ. ಗುರುತಿಲ್ಲದವರ ಜೊತೆ ರಾತ್ರಿಯೆಲ್ಲ ವಾದ ಮಾಡಿ ಗೆದ್ದು ಏನಾಗಬೇಕು? ಆ ಶಕ್ತಿ ಬೇಕಾದ ಕಡೆಗೆ ಇರಲಿ.

ಆದರೆ ಒಂದು. ಎದುರಿಗೆ ಸುಮ್ಮನಿದ್ದು ಹಿಂದಿನಿಂದ ಹತ್ತು ಜನರ ಹತ್ತಿರ ಹೇಳಿಕೊಂಡು ತಿರುಗಿದರೆ ಅದನ್ನು ನಾನು ಮೌನ ಅನ್ನುವುದಿಲ್ಲ. ವಾರಗಟ್ಟಲೆ ಮುಖ ಊದಿಸಿಕೊಂಡು ಮಾತು ಬಿಡುವುದನ್ನೂ ಅನ್ನುವುದಿಲ್ಲ. ಅವೆರಡೂ ಎದುರಿನವರಿಗೆ ಉತ್ತರ ಕೊಡುವ ಅವಕಾಶವನ್ನೇ ಕಿತ್ತುಕೊಳ್ಳುತ್ತವೆ. ಬಿಟ್ಟೆ ಅಂದರೆ ಬಿಟ್ಟೆ.

ಥಿಯೇಟರ್ ನರ್ಸ್

ತಂಗಾಳಿಯವರ ಮಾತಿಗೆ ಒಂದು ಸೇರಿಸುತ್ತೇನೆ, ಇದು ಮುಖ್ಯ. ಕೈ ಎತ್ತುವ ಮನುಷ್ಯನ ಜೊತೆ ಬದುಕುತ್ತಿರುವವರಿಗೆ "ಧೈರ್ಯವಾಗಿ ಎದುರು ನಿಂತು ಕೇಳು" ಅಂತ ಯಾರೂ ಹೇಳಬೇಡಿ. ಬಿಟ್ಟುಹೋಗುತ್ತೇನೆ ಅಂದ ಹೊತ್ತು, ಬಿಟ್ಟುಹೋಗುವ ಹೊತ್ತು ಅತಿ ಅಪಾಯದ್ದು. ಅವರ ಮೌನ ಹೇಡಿತನ ಅಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕಾಚಾರ. ಮೊದಲು ಸುರಕ್ಷಿತ ಜಾಗ, ನಂಬಿಕಸ್ಥ ಮನುಷ್ಯರು, ದಾಖಲೆಗಳು. ಮಾತು ಆಮೇಲೆ.

ಹೊಸಬ

ಎಲ್ಲ ಓದುತ್ತಾ ಇದ್ದೆ. ಬರೆಯಬೇಕಾ ಬೇಡವಾ ಅಂತ ಗೊತ್ತಾಗಲಿಲ್ಲ. ನಾನು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ. ನಮ್ಮ ಲೈನ್‌ನ ಒಂದು ಪ್ರೆಸ್ ಮಷೀನ್‌ಗೆ ಗಾರ್ಡ್ ಇದೆ, ಕೈ ಒಳಗೆ ಹೋಗದ ಹಾಗೆ ತಡೆಯುವ ಕವಚ. ಅದು ಇದ್ದರೆ ಪ್ರತಿ ಪೀಸ್‌ಗೂ ಸ್ವಲ್ಪ ಹೊತ್ತು ಜಾಸ್ತಿ. ರಾತ್ರಿ ಶಿಫ್ಟ್‌ನಲ್ಲಿ ಸೂಪರ್‌ವೈಸರ್ ಅದನ್ನು ಬಿಚ್ಚಿಸಿ ಓಡಿಸುತ್ತಾರೆ. ಎಲ್ಲರೂ ಕೈ ಒಳಗೆ ಹಾಕಿ ಪೀಸ್ ಎತ್ತುತ್ತಾರೆ. ನನಗೆ ಭಯ. ಆದರೆ ನನ್ನ ಮೇಲೆ ಸಾಲ ಇದೆ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಹಳಬರೇ ಸುಮ್ಮನಿದ್ದಾರೆ. ನಾನು ಹೇಗೆ ಮಾತಾಡಲಿ?

ನೇರನುಡಿ

ತಮ್ಮಾ, ನೀನು ಕೇಳಿದ್ದು ಒಳ್ಳೆಯದಾಯಿತು. ಆ ಮಷೀನ್‌ಗೆ ಕೈ ಹಾಕಬೇಡ. ಬೇರೆ ಏನು ಮಾಡಬೇಕು ಅಂತ ಮೇಷ್ಟ್ರು, ರನ್‌ವೇ ಅಂಥವರು ಹೇಳಲಿ. ನನ್ನ ಹಾಗೆ ನೇರ ಹೋಗಿ ಜಗಳ ಮಾಡು ಅಂತ ನಿನಗೆ ಹೇಳುವ ಧೈರ್ಯ ನನಗಿಲ್ಲ. ಅದರ ಬೆಲೆ ತೆರುವವನು ನೀನು.

ರನ್‌ವೇ

ಹೊಸಬ ಅವರೇ, ಮೊದಲ ಕೆಲಸ ಒಬ್ಬ ಜೊತೆಗಾರನನ್ನು ಹುಡುಕುವುದು. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ನಾಲ್ಕನೆಯದರಷ್ಟು ಉದ್ದ ಅಂತ ಹೇಳಬೇಕು, ಮಕ್ಕಳೂ ಹೇಳುವಷ್ಟು ಸುಲಭ. ಆದರೆ ಸುತ್ತ ಕೂತವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ನಿಜವಾದ ಪರೀಕ್ಷೆಗೆ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪಿಗೇ ಹೂಂಗುಟ್ಟಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದಾಗ ಆ ಹೂಂಗುಟ್ಟುವಿಕೆ ಕಾಲು ಭಾಗಕ್ಕೆ ಇಳಿಯಿತು. ನಿಮ್ಮ ಹಳಬರೂ ಒಳಗೊಳಗೇ ಹೆದರಿರಬಹುದು, ನೀವು ಒಪ್ಪಿದ್ದೀರಿ ಅಂತ ಅವರೂ ಅಂದುಕೊಂಡಿರಬಹುದು. ಕೆಲಸ ಮುಗಿದ ಮೇಲೆ ಒಬ್ಬರನ್ನು ಮೆಲ್ಲಗೆ ಕೇಳಿ ನೋಡಿ. ಇಬ್ಬರು ಹೋದರೆ ಅದು ಹೊಸಬನ ತಕರಾರು ಆಗುವುದಿಲ್ಲ.

ಹಳೇಮೇಷ್ಟ್ರು

ಎರಡನೆಯದು ಬರವಣಿಗೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರಲ್ಲ, ಹಿಂದಿನ ರಾತ್ರಿ ಅದರ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರ್‌ಗಳು ಈ ಚಳಿಯಲ್ಲಿ ಹಾರಿಸಬೇಡಿ ಅಂತ ವಾದಿಸಿದ್ದರು. ಮ್ಯಾನೇಜರ್‌ಗಳು ಅವರ ಮಾತು ದಾಟಿದರು. ಆ ಇಂಜಿನಿಯರ್‌ಗಳಲ್ಲಿ ರೋಜರ್ ಬೋಜಲಿ ಅನ್ನುವವರು 1985ರ ಜುಲೈನಲ್ಲೇ ಅಪಾಯದ ಬಗ್ಗೆ ಮೆಮೊ ಬರೆದಿದ್ದರು. ಮಾತು ಅವತ್ತು ಏಳು ಜೀವ ಉಳಿಸಲಿಲ್ಲ. ಆದರೆ ತನಿಖೆಗೆ ಆ ಕಾಗದ ಸಿಕ್ಕಿತು, "ಯಾರೂ ಹೇಳಲಿಲ್ಲ" ಅಂತ ಜಾರಿಕೊಳ್ಳಲು ಆಗಲಿಲ್ಲ. ಬೋಜಲಿ ಅವರಿಗೆ ಅದರಿಂದ ಸುಖವೇನೂ ಆಗಲಿಲ್ಲ, ಸಹೋದ್ಯೋಗಿಗಳೇ ದೂರ ಇಟ್ಟರು. ಅದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡುವುದು ಸರಿಯಲ್ಲ.

ನೀವು ಸೂಪರ್‌ವೈಸರ್‌ಗೆ ಒಂದು ಮೆಸೇಜ್ ಹಾಕಿ, ದೂರಿನ ಹಾಗೆ ಬೇಡ. "ಸರ್, ಪ್ರೆಸ್‌ನ ಗಾರ್ಡ್ ಬಿಚ್ಚಿದೆ. ನನಗೆ ಗಾರ್ಡ್ ಇಲ್ಲದೆ ಓಡಿಸಲು ಬರುವುದಿಲ್ಲ. ಹಾಕಿಸಿಕೊಡುತ್ತೀರಾ, ಇಲ್ಲ ಬೇರೆ ಮಷೀನ್ ಕೊಡುತ್ತೀರಾ?" ಅಂತ. ದಿನ, ಹೊತ್ತು ತಾನಾಗಿ ದಾಖಲಾಗುತ್ತದೆ. ಜೊತೆಗೆ ನಿಮಗೊಂದು ಆಸರೆ ಗೊತ್ತಿರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದದಲ್ಲಿ, ಜೀವಕ್ಕೆ ಕಣ್ಣೆದುರಿನ ಗಂಭೀರ ಅಪಾಯ ಇದೆ ಅಂತ ಸರಿಯಾದ ಕಾರಣದಿಂದ ನಂಬಿ ಕೆಲಸದಿಂದ ಹಿಂದೆ ಸರಿದವನಿಗೆ ಅದಕ್ಕಾಗಿ ತೊಂದರೆ ಕೊಡಬಾರದು ಅಂತ ಇದೆ. ನಿಮ್ಮ ಕಡೆಯ ಕಾನೂನು ಏನನ್ನುತ್ತದೆ ಅಂತ ಯೂನಿಯನ್‌ನವರನ್ನೋ ಕಾರ್ಮಿಕ ಇಲಾಖೆಯವರನ್ನೋ ಮೊದಲೇ ಕೇಳಿಟ್ಟುಕೊಳ್ಳಿ.

ಹೊಸಬ

ನಮ್ಮ ಲೈನ್‌ನ ಒಬ್ಬ ಅಣ್ಣನನ್ನು ಕೇಳಿದೆ. ಅವರಿಗೂ ಭಯ ಇದೆಯಂತೆ, ಯಾರೂ ಕೇಳಲಿಲ್ಲ ಅಂತ ಸುಮ್ನೆ ಇದ್ದರಂತೆ. ನಾಳೆ ಇಬ್ಬರೂ ಸೇರಿ ಹೇಳುತ್ತೇವೆ. ಹೇಳಿದರೂ ಅವರು ಕೇಳದಿದ್ದರೆ ಎಷ್ಟು ಸಲ ಹೇಳಬೇಕು?

ಥಿಯೇಟರ್ ನರ್ಸ್

ನಮ್ಮಲ್ಲಿ ಎರಡು ಸಲ. ಮೊದಲ ಸಲ ಅವರಿಗೆ ಕೇಳಿಸದೇ ಇರಬಹುದು, ಕೆಲಸದ ಗಡಿಬಿಡಿ ಇರಬಹುದು. ಎರಡನೇ ಸಲ ಇನ್ನೂ ಬಿಡಿಸಿ ಹೇಳಿ: "ಸರ್, ಗಾರ್ಡ್ ಇಲ್ಲ, ಕೈ ಹೋಗುತ್ತದೆ, ನಾವು ಓಡಿಸುವುದಿಲ್ಲ." ಪ್ರಶ್ನೆಯಾಗಿ ಕೇಳಬೇಡಿ. ಅದಕ್ಕೂ ಕೇಳದಿದ್ದರೆ ಮೂರನೇ ಸಲ ಹೇಳುವುದು ಅವರಿಗಲ್ಲ, ಅವರ ಮೇಲಿನವರಿಗೆ ಅಥವಾ ಸುರಕ್ಷತೆ ನೋಡಿಕೊಳ್ಳುವವರಿಗೆ. "ನಾವು ಅವರಿಗೆ ತಿಳಿಸುತ್ತೇವೆ" ಅಂತ ಸೂಪರ್‌ವೈಸರ್‌ಗೆ ಹೇಳಿಯೇ ಹೋಗಿ. ಅಷ್ಟರವರೆಗೆ ಇಬ್ಬರೂ ಆ ಮಷೀನ್ ಮುಟ್ಟಬೇಡಿ. ನಾಳೆ ಏನಾಯಿತು ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇವೆ.